ಕಮಲಾಪುರದವರೆಗೆ ಮಕ್ಕಳನ್ನು ಕಳಿಸಿ

ಕಲಬುರಗಿಯ ತಂದೆ-ತಾಯಂದಿರೇ, ಕಾಲೇಜಿನ ಗುರುಗಳೇ,

ಪ್ರವಾಸವೆಂದರೆ ನಮ್ಮ ಮಕ್ಕಳಿಗೆ ಮೈಸೂರು, ಊಟಿ, ಗೋವಾ. ಅವೂ ಇರಲಿ. ಹುಮನಾಬಾದ್ ರಸ್ತೆ ಹಿಡಿದರೆ ತಾಸೊಪ್ಪತ್ತಿನಲ್ಲಿ ಸಿಗುವ ಕಮಲಾಪುರದ ಸುತ್ತಲಿನ ಹಳ್ಳಿ-ತಾಂಡಾಗಳಲ್ಲಿ ಅವರು ಒಂದು ರಾತ್ರಿಯಾದರೂ ತಂಗಿದ್ದಾರೆಯೇ? ಕಮಲಾಪುರದ ಕೆಂಪು ಬಾಳೆಹಣ್ಣಿನ ರುಚಿ ನಮಗೆಲ್ಲ ಗೊತ್ತು. ಆ ತೋಟಗಳಲ್ಲಿ ಕೂಲಿ ಮಾಡುವವರ ಪರಿಚಯ ನಮ್ಮ ಮಕ್ಕಳಿಗಿಲ್ಲ. ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದವರ ಮನೆಬಾಗಿಲ ಬೀಗ, ಅಜ್ಜಿಯ ಬಳಿ ಉಳಿದ ಕೂಸುಗಳು, ಹಾಜರಿ ಪುಸ್ತಕದಲ್ಲಷ್ಟೇ ಇರುವ ಹುಡುಗಿ: ಇವನ್ನು ಪತ್ರಿಕೆಯಲ್ಲಿ ಓದುವುದು ಬೇರೆ, ಎದುರು ನಿಂತು ನೋಡುವುದೇ ಬೇರೆ.

ಎದುರು ನಿಂತು ನೋಡಿದ್ದು ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ನಮ್ಮದೇ ಸೀಮೆಯ ಒಂದು ಉದಾಹರಣೆ ಇದೆ. 1903ರಲ್ಲಿ ಸಿಂದಗಿಯಲ್ಲಿ ಹುಟ್ಟಿದ ವೆಂಕಟೇಶ ಖೇಡಗಿಕರ ಎಂಬ ತರುಣ, ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಜೊತೆ ದುಡಿದು, ಆಮೇಲೆ ನಿಜಾಮನ ಸೀಮೆಯ ಹಿಪ್ಪರಗಾ ಎಂಬ ಹಳ್ಳಿಗೆ ಮಾಸ್ತರನಾಗಿ ಬಂದ. ಸಭೆ ಸೇರಲು ಸರ್ಕಾರದ ಅಪ್ಪಣೆ, ಖಾಸಗಿ ಶಾಲೆ ತೆರೆಯಲೂ ಅಪ್ಪಣೆ ಬೇಕಿದ್ದ ಕಾಲವದು. ಆ ಹಳ್ಳಿಯ ಜನರ ನಡುವೆ ಬಾಳಿ ಕಂಡದ್ದು ಆತನನ್ನು ಶಾಲೆಯ ಗೋಡೆಯೊಳಗೆ ಇರಗೊಡಲಿಲ್ಲ. 1938ರಲ್ಲಿ ನಿಜಾಮನ ಆಡಳಿತದ ವಿರುದ್ಧ ಸತ್ಯಾಗ್ರಹಕ್ಕಿಳಿದು ಜೈಲು ಸೇರಿದ. ಆತನೇ ನಮ್ಮ ಸ್ವಾಮಿ ರಮಾನಂದ ತೀರ್ಥರು. 1952ರಲ್ಲಿ ಅವರನ್ನು ಮೊದಲ ಲೋಕಸಭೆಗೆ ಆರಿಸಿ ಕಳಿಸಿದ್ದು ಇದೇ ಕಲಬುರಗಿ. ಹಿಪ್ಪರಗಾದ ಜನರ ನಡುವೆ ಬಾಳದಿದ್ದರೆ ಅವರು ಒಳ್ಳೆಯ ಮಾಸ್ತರರಾಗಿಯೇ ಉಳಿಯುತ್ತಿದ್ದರೇನೋ.

ನಮ್ಮ ಮಕ್ಕಳನ್ನು ಹಾಗೆ ಹಳ್ಳಿಗೆ ಕಳಿಸಲು ಹೊಸದೇನೂ ಕಟ್ಟಬೇಕಿಲ್ಲ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರ ನಮ್ಮ ಕಾಲೇಜುಗಳಲ್ಲಿ ಇದ್ದೇ ಇದೆ. ಗುಡಿಯ ಅಂಗಳ ಗುಡಿಸಿ ಫೋಟೊ ತೆಗೆಸಿಕೊಳ್ಳುವಲ್ಲಿಗೆ ಅದು ಮುಗಿಯದಿರಲಿ. ಸಂಜೆ ಮಕ್ಕಳು ಕೇರಿಯ ಕಟ್ಟೆಯ ಮೇಲೆ ಕೂತು ಕೇಳಲಿ: ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳಿದವರಿಗೆ ರಸೀದಿ ಸಿಕ್ಕಿತೇ? ಕ್ಷೌರದಂಗಡಿಯಲ್ಲಿ, ಚಹಾದಂಗಡಿಯಲ್ಲಿ ಎಲ್ಲರಿಗೂ ಒಂದೇ ನಡೆಯೇ? ಉಪದೇಶ ಬೇಡ, ಬಡತನದ ಫೋಟೊವಂತೂ ಬೇಡವೇ ಬೇಡ. ಜನ ಒಪ್ಪಿ ಹೇಳಿದ್ದನ್ನು ಬರೆದುಕೊಂಡು, ಅವರ ಜೊತೆಗೇ ಹೋಗಿ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಲಿ.

ಶಿಬಿರದಿಂದ ಮರಳಿದ ಮಗಳು ಊಟದ ಹೊತ್ತಿಗೆ ಕಸಿವಿಸಿಯಾಗಿ ಕೂತಾಳು. ನಮ್ಮ ಮನೆಗೆಲಸದವಳ ಲೋಟ ಬೇರೆ ಯಾಕೆ ಎಂದು ಕೇಳಿಯಾಳು. ಆಗ ದಯಮಾಡಿ “ನಿನಗ್ಯಾಕ ಬೇಕವ್ವಾ ಊರ ಉಸಾಬರಿ” ಎಂದು ಬಾಯಿ ಮುಚ್ಚಿಸಬೇಡಿ. ಆಕೆಗೆ ಉತ್ತರ ಕೊಡಿ.