ಕಬ್ಬಿಣ ನಮ್ಮದು, ತಂಡ ಯಾರದು?

‘ಹಾಕಿ ನಮ್ಮ ನಾಡಿನಲ್ಲಿ ಸತ್ತುಹೋದ ಆಟ, ಅದರಲ್ಲೂ ಹೆಂಗಸರ ಹಾಕಿ ಯಾರು ನೋಡುತ್ತಾರೆ?’ ಎಂದು ಬಲ್ಲವರಂತೆ ಮಾತಾಡುವವರ ಜೊತೆ ನನ್ನದೊಂದು ಜಗಳವಿದೆ. ಸತ್ತಿತೋ, ಸಾಯಲು ಬಿಟ್ಟರೋ ಎಂದು ಇವರಲ್ಲಿ ಒಬ್ಬರೂ ಕೇಳುವುದಿಲ್ಲ. ನಾನಿರುವುದು ಕುರೆಕುಪ್ಪದಲ್ಲಿ. ತೋರಣಗಲ್ಲಿಗೆ ತಾಗಿಕೊಂಡ ಊರು. ಒಗೆದು ಹಾಕಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಕೆಂಪಗಾಗುವ ಊರು ಎಂದರೆ ಹೊಸಪೇಟೆ, ಸಂಡೂರಿನ ಓದುಗರಿಗೆ ಬೇರೆ ಗುರುತು ಬೇಡ. ಇಲ್ಲಿಯ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿ ಇಪ್ಪತ್ತೆಂಟು ವರ್ಷ ಸೀಟಿ ಊದಿದ್ದೇನೆ. ಆದ್ದರಿಂದ ಈ ಜಗಳಕ್ಕೆ ನನಗೆ ಹಕ್ಕಿದೆ ಎಂದುಕೊಂಡಿದ್ದೇನೆ.

ವೃತ್ತಿಪರ ಆಟ ಎಂದರೇನು? ಆಡಿದ್ದಕ್ಕೆ ಸಂಬಳ ಕೊಡುವುದು. ಅಷ್ಟೇ. ಪದಕ, ಶಾಲು, ಹಾರ, ಭಾಷಣ ಇವೆಲ್ಲ ಸಂಬಳವಲ್ಲ. ಈ ಅಳತೆಗೋಲು ಹಿಡಿದರೆ ನಮ್ಮ ರಾಜ್ಯದ ಹಾಕಿಯ ಚರಿತ್ರೆ ತೀರಾ ಚಿಕ್ಕದು. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಹೈದರಾಬಾದಿನಲ್ಲಿ ಶುರುವಾದಾಗ ಅದರಲ್ಲಿ ಬೆಂಗಳೂರಿನ ತಂಡವಿತ್ತು. 2008ರಲ್ಲಿ ಅದನ್ನು ನಡೆಸುತ್ತಿದ್ದ ಒಕ್ಕೂಟವೇ ಲಂಚದ ಆರೋಪದಲ್ಲಿ ಸಿಕ್ಕಿ ಅಮಾನತಾಯಿತು. ಆ ವರ್ಷ ಭಾರತದ ಗಂಡಸರು ಒಲಿಂಪಿಕ್ಸಿಗೂ ಹೋಗಲಿಲ್ಲ. ಲೀಗು ಅಲ್ಲಿಗೆ ಮುಗಿಯಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು, ಕರ್ನಾಟಕ ಲಯನ್ಸ್ ಎಂಬ ತಂಡ ಕಣಕ್ಕಿಳಿಯಿತು. ಅರ್ಜುನ್ ಹಾಲಪ್ಪನವರು ನಾಯಕರು. ಒಂದೇ ಋತು! ಮರುವರ್ಷ ತಂಡವೂ ಇಲ್ಲ, ಪಂದ್ಯಾವಳಿಯೂ ಇಲ್ಲ. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಹುಟ್ಟಿತು. ದೆಹಲಿ, ಪಂಜಾಬ, ಮುಂಬೈ, ರಾಂಚಿ, ಉತ್ತರ ಪ್ರದೇಶಕ್ಕೆ ತಂಡ ಬಂತು. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯರಂಥ ನಾಯಕರನ್ನು ಭಾರತಕ್ಕೆ ಕೊಟ್ಟ ಕರ್ನಾಟಕಕ್ಕೆ ಬರಲಿಲ್ಲ.

ಗಮನಿಸಿದಿರಾ? ಇಷ್ಟುದ್ದದ ಚರಿತ್ರೆಯಲ್ಲಿ ಹೆಂಗಸರ ಸುದ್ದಿಯೇ ಇಲ್ಲ. ಬಂದದ್ದೂ ಗಂಡಸರ ತಂಡ, ಮುಳುಗಿದ್ದೂ ಗಂಡಸರ ತಂಡ. ಮುಳುಗುವ ಭಾಗ್ಯ ಕೂಡ ನಮಗಿರಲಿಲ್ಲ.

ಹಾಗೆಂದು ಇಲ್ಲಿ ಆಡುವ ಹೆಂಗಸರಿರಲಿಲ್ಲವೇ? ಬೆಂಗಳೂರಿನ ಎಲ್ವೆರಾ ಬ್ರಿಟ್ಟೋ ಅವರ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಅವರೂ ತಂಗಿಯರಾದ ರೀಟಾ ಮತ್ತು ಮೇ ಕೂಡ ಒಂದೇ ಮನೆಯಿಂದ ಬಂದು ಆಗಿನ ಮೈಸೂರು ರಾಜ್ಯಕ್ಕೆ ಆಡಿದವರು. 1960ರಿಂದ 1967ರ ನಡುವೆ ಎಲ್ವೆರಾ ಅವರ ತಂಡ ಏಳು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಗಂಡಸರು ಏಳು ಸಲ ಗೆದ್ದಿದ್ದರೆ ಪಾಠಪುಸ್ತಕದಲ್ಲಿ ಪಾಠವಿರುತ್ತಿತ್ತು, ವೃತ್ತಕ್ಕೆ ಹೆಸರಿರುತ್ತಿತ್ತು. 1965ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. 2022ರಲ್ಲಿ ತೀರಿಕೊಂಡರು. ಪತ್ರಿಕೆಯ ಒಳಪುಟದಲ್ಲಿ ಓದಿದ ನೆನಪು ನನಗೆ.

ಕೊಡಗಿನ ಮಾತೇ ಬೇರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಮನೆತನದ ಹೆಸರಿನಲ್ಲಿ ತಂಡ. 2024ರಲ್ಲಿ 360 ಕುಟುಂಬಗಳು ಆಡಿದವು. ಅಲ್ಲಿ ಸೊಸೆಯೂ ಆಡಬಹುದು, ಮಗಳೂ ಆಡಬಹುದು. ಓದಿ ಹೊಟ್ಟೆ ತಂಪಾಯಿತು. ಆದರೆ ಹಬ್ಬ ಹಬ್ಬವೇ, ಹಬ್ಬದ ಊಟ ವರ್ಷವಿಡೀ ಹೊಟ್ಟೆ ತುಂಬಿಸುವುದಿಲ್ಲ.

ನನ್ನ ಶಾಲೆಯ ಹುಡುಗಿಯೊಬ್ಬಳ ತಾಯಿ ಇದನ್ನು ನನಗಿಂತ ಚೆನ್ನಾಗಿ ಹೇಳಿದಳು. ಹುಡುಗಿ ಎಂಟನೆಯ ಇಯತ್ತೆ. ಕಾಲಲ್ಲಿ ಗಾಳಿ, ಕೈಯಲ್ಲಿ ಲೆಕ್ಕ. ಚೆಂಡು ಅವಳ ಸ್ಟಿಕ್ಕಿಗೆ ಅಂಟಿಕೊಂಡಂತೆ ಓಡುತ್ತಿತ್ತು. ಜಿಲ್ಲಾ ಮಟ್ಟಕ್ಕೆ ಕಳಿಸಿ ಎಂದು ಕೇಳಲು ನಾನೇ ಅವರ ಮನೆಗೆ ಹೋದೆ. ತಾಯಿ ಆಗಷ್ಟೇ ಕೂಲಿ ಮುಗಿಸಿ ಬಂದಿದ್ದಳು. ಚಹಾ ಕೊಟ್ಟು ಎದುರಿಗೆ ಕೂತು ಕೇಳಿದಳು: “ಆಡಿದ್ರ ಪಗಾರ ಕೊಡ್ತಾರೇನ್ರೀ ಮೇಡಂ?” ಮುಂದೆ ನೌಕರಿ ಸಿಗಬಹುದು, ರೈಲ್ವೆಯಲ್ಲಿ ಕ್ರೀಡಾ ಕೋಟಾ ಇದೆ ಎಂದು ಹೇಳಿದೆ. “ಸಿಗಬಹುದು ಅಂತೀರಿ, ಸಿಗತೈತಿ ಅನ್ನಂಗಿಲ್ಲ. ಗಂಡಹುಡುಗ ಆಗಿದ್ರ ನೋಡೋಣ ಅಂತಿದ್ವಿ. ಇಕೀನ್ನ ಎಷ್ಟ್ ವರ್ಷ ಅಂತ ಇಟಗೊಳ್ಳೂದು?” ಎಂದಳು. ಹತ್ತನೆಯದು ಮುಗಿದ ಮರುವರ್ಷವೇ ಹುಡುಗಿಯ ಮದುವೆಯ ಮಾತು ಬಂತು. ಆ ತಾಯಿಯನ್ನು ಬೈಯಲು ನನಗೆ ನಾಲಿಗೆ ಬರುವುದಿಲ್ಲ. ಅವಳು ಕೇಳಿದ್ದು ಅರ್ಥಶಾಸ್ತ್ರದ ಪ್ರಶ್ನೆ, ನಾವು ಕೊಡುವುದು ಕ್ರೀಡಾಸ್ಫೂರ್ತಿಯ ಉತ್ತರ.

ರೈಲ್ವೆಯನ್ನು ಹೆಸರಿಸಿದ್ದು ಸುಮ್ಮನಲ್ಲ. ಲೀಗು ಗೀಗು ಬರುವ ಎಷ್ಟೋ ಮೊದಲೇ ಈ ದೇಶದ ಹೆಂಗಸರ ಹಾಕಿಯನ್ನು ಸಾಕಿದ್ದು ರೈಲ್ವೆ ನೌಕರಿ. ರಾಷ್ಟ್ರೀಯ ಪಂದ್ಯಾವಳಿಯನ್ನು ರೈಲ್ವೆಯ ಹೆಂಗಸರು ಮತ್ತೆಮತ್ತೆ ಗೆದ್ದದ್ದೇಕೆಂದರೆ, ತಿಂಗಳ ಕೊನೆಗೆ ಅವರ ಕೈಗೆ ಸಂಬಳ ಬರುತ್ತಿತ್ತು. ಸಂಬಳ ಇದ್ದಲ್ಲಿ ಆಟ ಉಳಿಯಿತು. ಇದರಲ್ಲಿ ರಹಸ್ಯವೇನೂ ಇಲ್ಲ.

ಕೊನೆಗೂ 2025ರ ಜನವರಿಯಲ್ಲಿ ಹೆಂಗಸರ ಹಾಕಿ ಇಂಡಿಯಾ ಲೀಗ್ ರಾಂಚಿಯಲ್ಲಿ ನಡೆಯಿತು. ನಾಲ್ಕೇ ತಂಡ, ಗಂಡಸರದ್ದು ಎಂಟು. ಆಟಗಾರರನ್ನು ಕೊಳ್ಳಲು ಗಂಡಸರ ತಂಡಕ್ಕೆ 4 ಕೋಟಿ, ಹೆಂಗಸರ ತಂಡಕ್ಕೆ 2 ಕೋಟಿ. ಗೆದ್ದ ಗಂಡಸರಿಗೆ 3 ಕೋಟಿ, ಗೆದ್ದ ಹೆಂಗಸರಿಗೆ ಒಂದೂವರೆ ಕೋಟಿ. ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗರಿಗೆ 78 ಲಕ್ಷ ಬಂದರೆ, ಹೆಂಗಸರಲ್ಲಿ ಎಲ್ಲರಿಗಿಂತ ಹೆಚ್ಚಿಗೆ ಹೋದ ಉದಿತಾರಿಗೆ 32 ಲಕ್ಷ. ಎಲ್ಲ ಕಡೆ ಅರ್ಧ, ಇಲ್ಲವೇ ಅರ್ಧಕ್ಕೂ ಕಮ್ಮಿ. ಹತ್ತಿ ಬಿಡಿಸುವ ಹೊಲದಲ್ಲಿ ಹೆಣ್ಣಾಳಿಗೆ ಕಡಿಮೆ ಕೂಲಿ ಕೊಡುವುದನ್ನು ನೋಡುತ್ತ ಬೆಳೆದ ನಮಗೆ ಈ ಲೆಕ್ಕ ಹೊಸದೇನಲ್ಲ. ಆದರೂ ಹೇಳುತ್ತೇನೆ, ಆ 32 ಲಕ್ಷ ಸಣ್ಣ ಮೊತ್ತವಲ್ಲ. ಆ ತಾಯಿ ಇವತ್ತು ಕೇಳಿದ್ದರೆ ‘ಕೊಡ್ತಾರವ್ವಾ’ ಎಂದು ಎದೆ ತಟ್ಟಿ ಹೇಳುತ್ತಿದ್ದೆ.

ಎಲ್ಲಿ ಕೊಡುತ್ತಾರೆ ಎಂದು ಕೇಳಿದರೆ ಮಾತ್ರ ನನ್ನ ಬಾಯಿ ಕಟ್ಟುತ್ತದೆ. ಆ ನಾಲ್ಕು ತಂಡಗಳು ದೆಹಲಿ, ಒಡಿಶಾ, ಬಂಗಾಳ ಮತ್ತು ಪಂಜಾಬ-ಹರಿಯಾಣದವು. ಭಾರತದ ಹೆಂಗಸರ ತಂಡ ತರಬೇತಿ ಪಡೆಯುವುದು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಅಂಗಳದಲ್ಲಿ. 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ಅಲ್ಲೇ ಉಳಿದಿದ್ದ ಹುಡುಗಿಯರು ಮರುವರ್ಷ ಟೋಕಿಯೋದಲ್ಲಿ ನಾಲ್ಕನೆಯವರಾದರು. ಆ ತಂಡದಲ್ಲಿ ಕರ್ನಾಟಕದ ಒಬ್ಬಳೂ ಇರಲಿಲ್ಲ. ಅಂಗಳ ನಮ್ಮದು, ಆಡುವವರು ಬೇರೆ ಕಡೆಯವರು. ಅವರು ಬರಲಿ, ಸಂತೋಷ. ನಮ್ಮವರೆಲ್ಲಿ?

ಇನ್ನೊಂದು ಸಂಗತಿ ಕೇಳಿ. ಮೊದಲ ವರ್ಷ ಫೈನಲ್ಲಿಗೆ ಬಂದು ಒಡಿಶಾ ವಾರಿಯರ್ಸ್‌ಗೆ 2-1ರಿಂದ ಸೋತ ಸೂರ್ಮಾ ತಂಡದ ಒಡೆತನ ಜೆಎಸ್‌ಡಬ್ಲ್ಯು ಸಂಸ್ಥೆಯದು. ಅಂದರೆ ನಮ್ಮ ಊರಿನ ಪಕ್ಕದಲ್ಲೇ ಹಗಲು ರಾತ್ರಿ ಉರಿಯುವ ಕುಲುಮೆಯವರದು. 1994ರಲ್ಲಿ ಜಿಂದಾಲ್ ವಿಜಯನಗರ ಎಂದು ಶುರುವಾದ ಕಂಪನಿ. ಅವರು ಆಟಕ್ಕೆ ಹಣ ಹಾಕುವುದಿಲ್ಲ ಎಂದರೆ ಸುಳ್ಳಾಗುತ್ತದೆ. 2018ರಲ್ಲಿ ಇಲ್ಲಿ ತೆರೆದ ಕ್ರೀಡಾಸಂಸ್ಥೆಯಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್ ಕಲಿಸುತ್ತಾರೆ. ನೀರಜ್ ಚೋಪ್ರಾ ಇಲ್ಲೇ ಜಾವೆಲಿನ್ ಎಸೆದಿದ್ದಾರೆ. 2013ರಲ್ಲಿ ಅವರು ಕಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2019ರಲ್ಲಿ ಐಎಸ್‌ಎಲ್ ಗೆದ್ದಿತು. ಆದರೆ ಗೆದ್ದದ್ದು ಗಂಡಸರ ಫುಟ್‌ಬಾಲು. ಹೆಂಗಸರ ಹಾಕಿ ತಂಡ ಕೊಳ್ಳುವಾಗ ಮಾತ್ರ ಅದರ ಮೇಲೆ ಪಂಜಾಬ-ಹರಿಯಾಣದ ಹೆಸರು ಬಿತ್ತು.

ಆ ಮನೆತನದ ಮೂಲ ಹರಿಯಾಣ. ತವರಿನ ಮೇಲೆ ಮಮಕಾರ ಸಹಜ. ಅದು ನಮಗೆ, ಹೆಂಗಸರಿಗೆ, ಯಾರೂ ಹೇಳಿಕೊಡಬೇಕಿಲ್ಲ. ಆದರೆ ಗಂಡನ ಮನೆಯ ಕಣಜದಿಂದ ಜೋಳ ಹೊತ್ತು ತವರಿಗೆ ಮಾತ್ರ ಹಬ್ಬ ಮಾಡುವ ಸೊಸೆಯನ್ನು ನಮ್ಮೂರಲ್ಲಿ ಏನನ್ನುತ್ತಾರೆ? ಅದಿರು ಹೋದದ್ದು ಸಂಡೂರಿನ ಬೆಟ್ಟದಿಂದ, ಧೂಳು ಕುಡಿದದ್ದು ಇಲ್ಲಿಯ ಮಕ್ಕಳ ಪುಪ್ಪಸ.

ಕಬ್ಬಿಣದ ಊರಿಗೂ ಹಾಕಿಗೂ ಏನು ನಂಟು ಎನ್ನುವವರಿಗೆ ಅಮೆರಿಕದ ಮಿನ್ನೆಸೋಟ ತೋರಿಸುತ್ತೇನೆ. ಅಲ್ಲಿಯ ಮೆಸಾಬಿ ಸಾಲು ನಮ್ಮ ಸಂಡೂರಿನಂಥದೇ ಕೆಂಪು ನೆಲ. ಗಣಿ ಊರಾದ ಎವೆಲೆತ್‌ನಿಂದ ಫ್ರಾಂಕ್ ಬ್ರಿಮ್ಸೆಕ್‌ರಂಥ ಐಸ್ ಹಾಕಿ ಆಟಗಾರರು ಬಂದರು, 1973ರಲ್ಲಿ ಅಮೆರಿಕದ ಹಾಕಿ ಸ್ಮಾರಕ ಭವನ ಆ ಪುಟ್ಟ ಊರಿನಲ್ಲೇ ತೆರೆಯಿತು. ಆ ರಾಜ್ಯದ ಮಿನ್ನಿಯಾಪೊಲಿಸ್, ಸೇಂಟ್ ಪಾಲ್ ಅವಳಿ ನಗರಕ್ಕೆ 1967ರಿಂದ ಗಂಡಸರ ವೃತ್ತಿಪರ ತಂಡವಿತ್ತು. 1993ರಲ್ಲಿ ಮಾಲೀಕ ಅದನ್ನು ಎತ್ತಿಕೊಂಡು ಡಲ್ಲಾಸಿಗೆ ಹೋದ. 2000ದಲ್ಲಿ ಜನ ಮತ್ತೊಂದು ತಂಡ ಪಡೆದುಕೊಂಡರು. 2024ರಲ್ಲಿ ಹೆಂಗಸರ ಲೀಗ್ ಬಂದಾಗ ಮೊದಲೆರಡು ವರ್ಷವೂ ಕಪ್ಪು ಗೆದ್ದದ್ದು ಮಿನ್ನೆಸೋಟದ ಹೆಂಗಸರು. ಆ ಲೀಗಿನ ಮೊದಲ ಪಂದ್ಯಕ್ಕೆ ಮುಂಚೆಯೇ ಆಟಗಾರ್ತಿಯರ ಸಂಘ ಕೂತು ಸಂಬಳದ ಕರಾರು ಮಾಡಿಸಿತ್ತು, ಯಾರಿಗೂ 35,000 ಡಾಲರಿಗೆ ಕಡಿಮೆ ಇಲ್ಲವೆಂದು. ತಂಡ ಮಾಲೀಕರ ಔದಾರ್ಯದಿಂದ ಬರುತ್ತದೆ ಎಂದು ಕಾದು ಕೂರುವವರು ಇದನ್ನು ಎರಡು ಸಲ ಓದಬೇಕು.

‘ನೋಡುವವರಿಲ್ಲ’ ಎಂಬ ವಾದ ಇನ್ನೂ ಉಳಿದಿದೆ. ಹೆಂಗಸರ ಕ್ರಿಕೆಟ್ಟಿಗೂ ಇದನ್ನೇ ಅಂದಿದ್ದರು. 2023ರಲ್ಲಿ ಹೆಂಗಸರ ಪ್ರೀಮಿಯರ್ ಲೀಗ್ ಬಂತು, 2024ರಲ್ಲಿ ಬೆಂಗಳೂರಿನ ಹುಡುಗಿಯರು ಗಂಡಸರಿಗಿಂತ ಮೊದಲು ಕಪ್ಪು ತಂದರು, ನೋಡುವವರು ಎಲ್ಲಿಂದಲೋ ಬಂದರು! ಅಡಿಗೆ ಮಾಡದೆ ‘ಉಣ್ಣುವವರಿಲ್ಲ’ ಎನ್ನುವುದು ಯಾವ ನ್ಯಾಯ?

ತಂಡ ಬಂದರೂ ಟರ್ಫ್ ಇಲ್ಲದೆ ಹುಡುಗಿಯರು ಎಲ್ಲಿ ಕಲಿಯಬೇಕು ಎನ್ನುತ್ತೀರಿ. ಸರಿಯಾದ ಮಾತು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿ ಹುಲ್ಲು ಬಿಟ್ಟು ಕೃತಕ ಹಾಸಿಗೆ ಹತ್ತಿದ ಮೇಲೆ ಸಣ್ಣ ಊರುಗಳು ಹಿಂದೆ ಬಿದ್ದವು. ಮಣ್ಣಿನ ಮೈದಾನದಲ್ಲಿ ಕಲಿತ ಹುಡುಗಿ ಟರ್ಫ್ ಮೇಲೆ ನಿಂತರೆ ಚೆಂಡಿನ ವೇಗಕ್ಕೇ ಕಂಗಾಲಾಗುತ್ತಾಳೆ. ಅದಕ್ಕೂ ಹಣ ಇಲ್ಲೇ ಇದೆ. 2015ರ ಕಾಯ್ದೆ ತಿದ್ದುಪಡಿಯಿಂದ ಗಣಿ ಗುತ್ತಿಗೆದಾರರು ರಾಜಧನದ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟುತ್ತಾರೆ, ಅದು ಗಣಿಯಿಂದ ಬಾಧೆಪಟ್ಟವರ ಹಣ. ಕುರೆಕುಪ್ಪದ ಹುಡುಗಿಯರಿಗಿಂತ ಹೆಚ್ಚು ಬಾಧೆಪಟ್ಟವರು ಯಾರೆಂದು ನನಗಂತೂ ತಿಳಿಯದು.

ಪುರಸಭೆಗೆ ಅರ್ಜಿ ಬರೆದಿದ್ದೇನೆ. ಊರಿಗೊಂದು ಟರ್ಫ್, ರಾಜ್ಯಕ್ಕೊಂದು ಹೆಂಗಸರ ತಂಡ, ಅದರಲ್ಲಿ ಬಳ್ಳಾರಿ, ವಿಜಯನಗರ ಜಿಲ್ಲೆಯ ಹುಡುಗಿಯರಿಗೆ ಜಾಗ, ಗಂಡಸರಷ್ಟೇ ಸಂಬಳ. ಮೂರು ಪುಟದ ಅರ್ಜಿ. ಸಹಿಗೆ ಮನೆಮನೆಗೆ ಹೋಗುತ್ತಿದ್ದೇನೆ. ಆ ತಾಯಿಯ ಮನೆಗೂ ಹೋಗಿದ್ದೆ. ಮಗಳು ಬಾಣಂತನಕ್ಕೆ ಬಂದಿದ್ದಳು, ತೊಡೆಯ ಮೇಲೆ ಹೆಣ್ಣು ಕೂಸು. ತಾಯಿ ಹೆಬ್ಬೆಟ್ಟು ಒತ್ತಿದಳು, ಮಗಳು ಕನ್ನಡದಲ್ಲಿ ದುಂಡಗೆ ಸಹಿ ಹಾಕಿದಳು.