ತುರ್ತು ಲೇನ್ ಕಾಯುವ ಪೊಲೀಸರಿಗೆ ಸಂಬಳ ಕೊಡುವವರು ಯಾರು?

ಕೊಚ್ಚಿಯ ಕನ್ನಡಿಗರಿಗೆ ಟೋಲ್ ಗೇಟ್ ಹೊಸತಲ್ಲ. ಫೋರ್ಟ್ ಕೊಚ್ಚಿಯಿಂದ ಜಂಕಾರಿನಲ್ಲಿ ವೈಪಿನ್‌ಗೆ ದಾಟಿ ಕಂಟೈನರ್ ರಸ್ತೆ ಹಿಡಿದರೆ ಪೊನ್ನಾರಿಮಂಗಲಂ, ಆಲಪ್ಪುಳ ಕಡೆಗೆ ಹೊರಟರೆ ಕುಂಬಳಂ, ಬೆಂಗಳೂರಿಗೆ ಹೊರಟರೆ ಪಾಲಿಯೆಕ್ಕರ ಮತ್ತು ಪನ್ನಿಯಂಕರ. ಊರಿನ ಗಡಿಗೆ ಕಾಲಿಟ್ಟ ಕೂಡಲೇ ತಲಪಾಡಿ, ಅದು ಮುಗಿಯಿತೆನ್ನುವಾಗ ಹೆಜಮಾಡಿ, ಸಾಸ್ತಾನ, ಶಿರೂರು. ತಿರುವನಂತಪುರದ ಕನ್ನಡ ಬಾಂಧವರಿಗೂ 2021ರ ಆಗಸ್ಟ್‌ನಿಂದ ತಿರುವಲ್ಲಂ ಗೇಟ್ ಗಂಟುಬಿದ್ದಿದೆ. ಸಂಘದ ಮಹಾಸಭೆಯಾಗಲಿ, ಮದುವೆ ಊಟದ ಪಂಕ್ತಿಯಾಗಲಿ, ಟೋಲಿನ ಮಾತು ಬಂದರೆ ಚರ್ಚೆಯೆಲ್ಲ ದರದ ಸುತ್ತಲೇ ತಿರುಗುತ್ತದೆ. ದರ ಹೆಚ್ಚೆಂಬುದು ನಿಜವೇ. ಆದರೆ ದರಕ್ಕಿಂತ ಗಂಭೀರವಾದ ವಿಷಯವೊಂದು ಗೇಟಿನ ಎಡತುದಿಯಲ್ಲಿದೆ; ಅದರ ಬಗ್ಗೆ ಮಾತನಾಡುವವರು ಕಡಿಮೆ.

ಸಾಮಾನ್ಯವಾಗಿ ಗೇಟಿನ ಅಂಚಿನಲ್ಲಿ ಇತರ ಲೇನ್‌ಗಳಿಗಿಂತ ಅಗಲವಾದ ಒಂದು ಲೇನ್ ಇರುತ್ತದೆ. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಮತ್ತು ಅತಿ ಗಾತ್ರದ ಲಾರಿಗಳಿಗಾಗಿ ಮೀಸಲಾದ ದಾರಿಯದು. ಫಲಕ ಹಾಗೆಂದು ಹೇಳುತ್ತದೆ. ಆದರೆ ಸರತಿ ಬೆಳೆದಾಗ ಆ ಲೇನ್‌ಗೆ ಮೊದಲು ನುಗ್ಗುವುದು ಅವಸರದ ಕಾರುಗಳು. ಒಬ್ಬರು ನುಗ್ಗಿದರೆ ಹಿಂದೆ ಹತ್ತು ಮಂದಿ. ಇದನ್ನು ತಡೆಯಲು ಟೋಲ್ ಸಿಬ್ಬಂದಿಗೆ ಗೊತ್ತಿರುವ ಉಪಾಯ ಒಂದೇ, ಲೇನ್‌ಗೆ ಅಡ್ಡಲಾಗಿ ಬ್ಯಾರಿಕೇಡ್ ಇಡುವುದು. ಕಾರುಗಳೇನೋ ನಿಲ್ಲುತ್ತವೆ. ಜೊತೆಗೆ, ಯಾರಿಗಾಗಿ ಲೇನ್ ಕಟ್ಟಿದರೋ ಆ ಆಂಬುಲೆನ್ಸ್‌ಗೂ ಎದುರು ಬ್ಯಾರಿಕೇಡೇ.

2022ರ ಜುಲೈ 20ರ ಶಿರೂರು ದುರಂತವನ್ನು ಕರಾವಳಿಯವರು ಮರೆತಿರಲಾರರು. ಹೊನ್ನಾವರದಿಂದ ಕುಂದಾಪುರದತ್ತ ರೋಗಿಯನ್ನು ಹೊತ್ತು ಬರುತ್ತಿದ್ದ ಆಂಬುಲೆನ್ಸ್, ಮಳೆಯಲ್ಲಿ ನೆನೆದ ರಸ್ತೆಯಲ್ಲಿ ಜಾರಿ ಬೈಂದೂರು ಬಳಿಯ ಟೋಲ್ ಗೇಟಿಗೆ ಅಪ್ಪಳಿಸಿ ನಾಲ್ವರು ಪ್ರಾಣ ಕಳೆದುಕೊಂಡರು. ಸಿಸಿಟಿವಿ ದೃಶ್ಯ ದೇಶವಿಡೀ ಹರಿದಾಡಿತು. ಸೈರನ್ ಕೇಳಿದ ಸಿಬ್ಬಂದಿ ಓಡೋಡಿ ಬ್ಯಾರಿಕೇಡ್‌ಗಳನ್ನು ಎಳೆಯುತ್ತಿದ್ದುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಮಳೆ, ವೇಗ, ರಸ್ತೆಯ ಮೇಲ್ಮೈ ಇವುಗಳಲ್ಲಿ ಯಾವುದರ ಪಾಲೆಷ್ಟು ಎಂಬುದನ್ನು ತನಿಖೆಗೆ ಬಿಡೋಣ. ಕೇಳಲೇಬೇಕಾದ ಪ್ರಶ್ನೆ ಬೇರೆ. ತುರ್ತು ವಾಹನದ ಲೇನ್‌ನಲ್ಲಿ ಎಳೆಯಲು ಬ್ಯಾರಿಕೇಡ್ ಇದ್ದದ್ದಾದರೂ ಏಕೆ? ಸಾಮಾನ್ಯ ದಿನಗಳಲ್ಲಿ ಆ ಲೇನ್‌ಗೆ ಬೇರೆಯವರು ನುಗ್ಗದಂತೆ ತಡೆಯುವ ಅಧಿಕಾರವುಳ್ಳ ಒಬ್ಬನೇ ಒಬ್ಬ ಮನುಷ್ಯ ಅಲ್ಲಿ ಇಲ್ಲದಿರುವುದೇ ಅದಕ್ಕೆ ಕಾರಣ ಎಂದರೆ ತಪ್ಪಾಗಲಾರದು.

ಟೋಲ್ ಸಿಬ್ಬಂದಿಗೆ ಹಣ ಪಡೆಯುವ ಅಧಿಕಾರವಿದೆ, ದಂಡ ಹಾಕುವ ಅಧಿಕಾರವಿಲ್ಲ. ಫಾಸ್ಟ್ಯಾಗ್ ಇಲ್ಲದೆ ಬಂದವರಿಂದ ಹೆಚ್ಚಿನ ಶುಲ್ಕ ಪಡೆಯಬಹುದು. 2025ರ ನವೆಂಬರ್ 15ರಿಂದ ಜಾರಿಗೆ ಬಂದ ನಿಯಮದಂತೆ ನಗದಿಗೆ ಎರಡು ಪಟ್ಟು, ಯುಪಿಐ ಮೂಲಕವಾದರೆ ಒಂದೂಕಾಲು ಪಟ್ಟು. ಇದು ಶುಲ್ಕದ ಮಾತಾಯಿತು. ಲೇನ್ ಬದಲಿಸಿ ಅಡ್ಡ ನುಗ್ಗಿದವನಿಗೆ, ತುರ್ತು ಲೇನ್‌ನಲ್ಲಿ ನಿಂತವನಿಗೆ, ಟ್ಯಾಗ್‌ನಲ್ಲಿ ಹಣವಿಲ್ಲವೆಂದು ತಿಳಿದ ಮೇಲೆ ಹಿಂದಿದ್ದ ಹತ್ತು ವಾಹನಗಳ ಮೇಲೆ ರಿವರ್ಸ್ ತೆಗೆಯುವವನಿಗೆ ಅವರು ಮಾಡಬಹುದಾದದ್ದು ಕೈ ಅಡ್ಡ ಹಿಡಿಯುವುದಷ್ಟೇ. ಹಾಗೆ ಹಿಡಿದ ಕೈಗೆ ಏಟು ಬಿದ್ದ ಸುದ್ದಿಗಳೂ ಅಪರೂಪವಲ್ಲ. ತಿಂಗಳ ಪುಡಿ ಸಂಬಳಕ್ಕೆ ದುಡಿಯುವ ಆ ಹುಡುಗ ಹುಡುಗಿಯರ ಮೇಲೆ ಕೂಗಾಡುವವರಿಗೆ ಅವರ ಸ್ಥಿತಿ ಗೊತ್ತಿದ್ದಂತಿಲ್ಲ.

ಕಾನೂನಿಗೇನೂ ಕೊರತೆಯಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಇ ಕಲಮಿನಂತೆ ತುರ್ತು ವಾಹನಕ್ಕೆ ದಾರಿ ಬಿಡದವರಿಗೆ ಆರು ತಿಂಗಳವರೆಗಿನ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಲೇನ್ ಶಿಸ್ತಿಗೆ 2017ರ ವಾಹನ ಚಾಲನಾ ನಿಯಮಾವಳಿಯಿದೆ, ಅದನ್ನು ಮುರಿದವರಿಗೆ ದಂಡವೂ ಇದೆ. ಇದನ್ನು ಜಾರಿ ಮಾಡಬೇಕಾದವರು ಪೊಲೀಸರು ಮತ್ತು ಮೋಟಾರು ವಾಹನ ಇಲಾಖೆಯವರು. ಅವರು ಗೇಟಿನ ಬಳಿ ಕಾಣಿಸಿಕೊಳ್ಳುವುದು ಹೊಡೆದಾಟ ಆದ ಮೇಲೆ, ಇಲ್ಲವೇ ಪ್ರತಿಭಟನೆ ಇರುವ ದಿನ.

ಇಲ್ಲಿ ಹಣದ ಪ್ರಶ್ನೆ ಬರುತ್ತದೆ. ಸಂವಿಧಾನದ ಪ್ರಕಾರ ಪೊಲೀಸ್ ರಾಜ್ಯದ ವಿಷಯ, ರಾಷ್ಟ್ರೀಯ ಹೆದ್ದಾರಿ ಕೇಂದ್ರದ ವಿಷಯ. ಹೆದ್ದಾರಿ ಟೋಲಿನ ಹಣ ಹೋಗುವುದು ಪ್ರಾಧಿಕಾರಕ್ಕೆ ಅಥವಾ ಗುತ್ತಿಗೆದಾರ ಕಂಪನಿಗೆ. 2023-24ರಲ್ಲಿ ದೇಶದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸಂಗ್ರಹವಾದ ಮೊತ್ತ ಐವತ್ತು ಸಾವಿರ ಕೋಟಿ ರೂಪಾಯಿಗೂ ಮೀರಿದ್ದು. ಗೇಟಿನ ಮುಂದೆ ನಿಲ್ಲಬೇಕಾದ ಪೊಲೀಸನ ಸಂಬಳ ಮಾತ್ರ ರಾಜ್ಯದ ಬೊಕ್ಕಸದಿಂದ. ಸಿಬ್ಬಂದಿ ಕೊರತೆಯಲ್ಲಿರುವ ಠಾಣಾಧಿಕಾರಿ ತನ್ನ ನಾಲ್ಕು ಮಂದಿಯನ್ನು ಕಂಪನಿಯ ಗೇಟಿಗೆ ಕಳುಹಿಸಲಿಲ್ಲವೆಂದರೆ ಅವನನ್ನು ದೂರುವುದು ಹೇಗೆ?

ಸೋಜಿಗವೆಂದರೆ, ಪರಿಹಾರದ ಅರ್ಧಭಾಗ ಕಾಗದದ ಮೇಲೆ ಎಂದೋ ಬರೆದಾಗಿದೆ. ರಾಷ್ಟ್ರೀಯ ಹೆದ್ದಾರಿಗಳ ಬಿಒಟಿ ಯೋಜನೆಗಳಿಗೆಂದು ಸಿದ್ಧಪಡಿಸಿದ ಮಾದರಿ ಒಪ್ಪಂದದಲ್ಲಿ ಸಂಚಾರ ನಿಯಂತ್ರಣಕ್ಕೇ ಒಂದು ಅಧ್ಯಾಯವಿದೆ. ಪ್ರತಿ ಟೋಲ್ ಗೇಟಿನಲ್ಲಿ ಒಂದು ಸಂಚಾರ ನೆರವು ಠಾಣೆ ಇರಬೇಕು. ಅದಕ್ಕೆ ಕಟ್ಟಡ ಕಟ್ಟಿಕೊಡುವವರು ಗುತ್ತಿಗೆದಾರರು. ಹಗಲಿರುಳು ಗಸ್ತು ತಿರುಗಲು ರಾಜ್ಯ ಪೊಲೀಸರಿಗೆ ಚಾಲಕನ ಸಮೇತ ಜೀಪು ಒದಗಿಸಿ, ಅದರ ಖರ್ಚನ್ನು ನೋಡಿಕೊಳ್ಳುವವರೂ ಅವರೇ. ಜೀಪಿದೆ, ಚಾಲಕನಿದ್ದಾನೆ, ಕೋಣೆಯಿದೆ. ಆದರೆ ಜೀಪಿನೊಳಗೆ ಕೂರಬೇಕಾದ ಪೊಲೀಸನ ಸಂಬಳದ ಬಗ್ಗೆ ಅಲ್ಲಿ ಮಾತಿಲ್ಲ. ಮದುವೆಗೆ ಮಂಟಪ, ಅಡಿಗೆಯವರು, ವಾಲಗ ಎಲ್ಲ ಗೊತ್ತುಮಾಡಿ ಪುರೋಹಿತರನ್ನು ಮರೆತಂತಾಗಿದೆ ಇದು.

ಆದುದರಿಂದ ಟೋಲ್ ಹಣದ ಒಂದು ಸಣ್ಣ ಪಾಲನ್ನು ಮೀಸಲಿಟ್ಟು, ಗೇಟಿನ ಲೇನ್ ಶಿಸ್ತಿಗೇ ಪ್ರತ್ಯೇಕ ಪೊಲೀಸ್ ಗಸ್ತು ನೇಮಿಸಬೇಕೆಂಬ ವಾದ ನ್ಯಾಯವಾದುದು. ಹೊರದೇಶದಲ್ಲಿ ಇದಕ್ಕೆ ಹಳೆಯ ಉದಾಹರಣೆಯಿದೆ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 1995ರ ಡಿಸೆಂಬರ್‌ನಲ್ಲಿ 91ನೇ ಹೆದ್ದಾರಿಯ ನಡುವೆ ಟೋಲ್ ಲೇನ್‌ಗಳು ಆರಂಭವಾದವು. ಕಟ್ಟಿದ್ದು ಖಾಸಗಿ ಕಂಪನಿ. 2003ರಲ್ಲಿ ಅಲ್ಲಿನ ಸಾರಿಗೆ ಪ್ರಾಧಿಕಾರ ಅದನ್ನು ಕೊಂಡುಕೊಂಡಿತು. ಲೇನ್ ನಿಯಮ ಮುರಿಯುವವರನ್ನು ಹಿಡಿಯಲು ರಾಜ್ಯದ ಹೆದ್ದಾರಿ ಪೊಲೀಸರೊಂದಿಗೆ ಒಪ್ಪಂದವಿದ್ದು, ಅದರ ವೆಚ್ಚವನ್ನು ಟೋಲ್ ಆದಾಯದಿಂದಲೇ ಭರಿಸಲಾಗುತ್ತದೆ. ಕಾರಿನಲ್ಲಿ ಮೂವರಿದ್ದರೆ ಅಲ್ಲಿ ರಿಯಾಯಿತಿ. ಒಳಗೆ ಎಷ್ಟು ತಲೆಗಳಿವೆ ಎಂದು ಎಣಿಸಲು ಮನುಷ್ಯನ ಕಣ್ಣೇ ಬೇಕಾಯಿತು. ಹಣ ಟೋಲಿನದಾದರೂ ಪೊಲೀಸನ ಸಮವಸ್ತ್ರ, ಮೇಲಧಿಕಾರಿ ಎರಡೂ ರಾಜ್ಯದವು ಎಂಬುದು ಗಮನಾರ್ಹ.

ಗಸ್ತಿನಿಂದ ಏನಾಗುತ್ತದೆ ಎನ್ನುವವರು ಅಷ್ಟು ದೂರ ಹೋಗಬೇಕಿಲ್ಲ, ಬೆಂಗಳೂರು–ಮೈಸೂರು ಹೆದ್ದಾರಿ ನೋಡಿದರೆ ಸಾಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆಯಲ್ಲಿ ಮೇ, ಜೂನ್ ತಿಂಗಳುಗಳಲ್ಲಿ ಸಾವಿನ ಸಂಖ್ಯೆ ತಿಂಗಳಿಗೆ ಮೂವತ್ತರ ಹತ್ತಿರಕ್ಕೆ ಹೋಗಿತ್ತು. ಕರ್ನಾಟಕ ಪೊಲೀಸರು ವೇಗ ಅಳೆಯುವ ಉಪಕರಣ ಹಿಡಿದು ರಸ್ತೆಗಿಳಿದರು, ಲೇನ್ ತಪ್ಪಿದವರಿಗೂ ದಂಡ ಹಾಕತೊಡಗಿದರು. ಜುಲೈಯಲ್ಲಿ ಸಂಖ್ಯೆ ಹತ್ತರೊಳಗೆ ಬಂತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ನಿಷೇಧ ಬಂದದ್ದು ಆಮೇಲೆ. ಟೋಲ್ ಒಬ್ಬರದು, ಗಸ್ತಿನ ಶ್ರಮ ಇನ್ನೊಬ್ಬರದು ಎಂಬ ತಕರಾರು ಅಲ್ಲಿಗೂ ಅನ್ವಯಿಸುತ್ತದೆ.

ಈ ಬೇಡಿಕೆಗೆ ಫೋರ್ಟ್ ಕೊಚ್ಚಿಯ ಜನರು ಸಂಶಯದಿಂದ ನೋಡಿದರೆ ಆಶ್ಚರ್ಯವಿಲ್ಲ. ತೋಪ್ಪುಂಪಡಿಯ ಹೊಸ ಸೇತುವೆಯನ್ನು ಇಂದಿಗೂ ‘ಬಿಒಟಿ ಪಾಲಂ’ ಎಂದೇ ಕರೆಯುವ ಊರು ಇದು. 2001ರಲ್ಲಿ ತೆರೆದ ಆ ಸೇತುವೆಯಲ್ಲಿ ಟೋಲ್ ನಿಂತದ್ದು 2014ರಲ್ಲಿ, ಅದೂ ಸರಕಾರ ಮತ್ತು ಕಂಪನಿಯ ನಡುವೆ ಜಗ್ಗಾಟ ನಡೆದ ಮೇಲೆ. ಟೋಲೆಂದರೆ ಕೊಡುವುದು ಮಾತ್ರ, ಪಡೆಯುವುದು ಏನೂ ಇಲ್ಲ ಎಂಬ ಭಾವನೆ ಇಲ್ಲಿ ಬೇರೂರಿದ್ದು ಆಗಲೇ. ಕುಂಬಳಂ ತಪ್ಪಿಸಲು ಪಳ್ಳುರುತ್ತಿ, ಎಡಕೊಚ್ಚಿ ಮಾರ್ಗವಾಗಿ ಅರೂರಿಗೆ ಹೋಗುವವರು ಬರೇ ಹಣ ಉಳಿಸುವವರಲ್ಲ, ಸಿಟ್ಟು ತೀರಿಸಿಕೊಳ್ಳುವವರೂ ಇದ್ದಾರೆ.

ಪಾಲಿಯೆಕ್ಕರದಲ್ಲಿ ಆ ಸಿಟ್ಟಿಗೆ ನ್ಯಾಯಾಲಯದ ಮುದ್ರೆಯೇ ಬಿತ್ತು. ಎಡಪ್ಪಳ್ಳಿ–ಮಣ್ಣುತ್ತಿ ರಸ್ತೆಯ ಕಾಮಗಾರಿಯಿಂದ ಗಂಟೆಗಟ್ಟಲೆ ವಾಹನಗಳು ಸಿಲುಕುತ್ತಿದ್ದುದನ್ನು ಕಂಡು ಕೇರಳ ಹೈಕೋರ್ಟು 2025ರ ಆಗಸ್ಟ್ 6ರಂದು ಟೋಲ್ ಸಂಗ್ರಹವನ್ನೇ ನಿಲ್ಲಿಸಿತು. ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ಹೋದರೂ ಅಲ್ಲಿ ಪರಿಹಾರ ಸಿಗಲಿಲ್ಲ. ಅಕ್ಟೋಬರ್ 17ರವರೆಗೆ ಗೇಟು ಮೌನವಾಗಿತ್ತು. ಸರತಿ 100 ಮೀಟರ್ ದಾಟಿದರೆ ಶುಲ್ಕವಿಲ್ಲದೆ ಬಿಡಬೇಕೆಂದು 2021ರ ಮೇ ತಿಂಗಳಲ್ಲಿ ಪ್ರಾಧಿಕಾರವೇ ಹೊರಡಿಸಿದ್ದ ಸೂಚನೆಯನ್ನು 2024ರಲ್ಲಿ ಹಿಂತೆಗೆದುಕೊಂಡದ್ದನ್ನೂ ಇದರ ಜೊತೆ ಓದಬೇಕು. ಪ್ರಯಾಣಿಕನಿಗೆ ಶಿಸ್ತು, ಗೇಟಿಗೆ ರಿಯಾಯಿತಿ ಎಂದಾದರೆ ಗಸ್ತಿನ ಪೊಲೀಸರನ್ನು ಕಂಪನಿಯ ಕಾವಲುಗಾರರೆಂದೇ ಜನ ತಿಳಿಯುತ್ತಾರೆ.

ಹಾಗಾಗಬಾರದೆಂದರೆ ಕೆಲವು ಷರತ್ತುಗಳು ಬೇಕು. ಗಸ್ತು ಜಿಲ್ಲಾ ಪೊಲೀಸ್ ಮುಖ್ಯಸ್ಥರ ಅಧೀನದಲ್ಲೇ ಇರಬೇಕು, ಟೋಲ್ ಮ್ಯಾನೇಜರನ ಮಾತಿಗೆ ಕುಣಿಯುವಂತಿರಬಾರದು. ಟ್ಯಾಗ್ ಸರಿಯಿದ್ದು ಯಂತ್ರ ಓದದಿದ್ದರೆ ವಾಹನವನ್ನು ಶುಲ್ಕವಿಲ್ಲದೆ ಬಿಡಬೇಕೆಂಬ ನಿಯಮ 2018ರಿಂದ ಇದೆ. ಅದನ್ನು ಪಾಲಿಸದ ಗೇಟಿನ ಮೇಲೂ ಅದೇ ಪೊಲೀಸ್ ವರದಿ ಬರೆಯುವಂತಿರಬೇಕು. ಮುಚ್ಚಿದ ಲೇನ್‌ಗಳ ಲೆಕ್ಕವನ್ನೂ ಬರೆಯಬೇಕು. ಪೊಲೀಸರ ಭತ್ಯೆಗೂ ವಸೂಲಾದ ದಂಡಕ್ಕೂ ಯಾವ ಸಂಬಂಧವೂ ಇರಕೂಡದು. ಇಲ್ಲವಾದರೆ ತುರ್ತು ಲೇನ್ ಬಿಟ್ಟು ಸುಲಭವಾಗಿ ಸಿಗುವ ಹೆಲ್ಮೆಟ್ ಇಲ್ಲದ ಬೈಕಿನವರ ಬೆನ್ನು ಹತ್ತುತ್ತಾರೆ.

ಎಲ್ಲಕ್ಕಿಂತ ಮುಖ್ಯವಾಗಿ, ಹಣ ಮುಂಗಡವಾಗಿ ಬರಬೇಕು. ಕೊಚ್ಚಿ ಮೆಟ್ರೋ ನಿಲ್ದಾಣಗಳಿಗೆ ಪಾವತಿಯ ಆಧಾರದಲ್ಲಿ ರಾಜ್ಯ ಕೈಗಾರಿಕಾ ಭದ್ರತಾ ಪಡೆಯ ಪೊಲೀಸರನ್ನು ಕೊಡಲಾಯಿತು. ಬಾಕಿ ಕೋಟಿಗಟ್ಟಲೆಗೆ ಬೆಳೆದದ್ದು ಸುದ್ದಿಯಾಯಿತು. 2023ರ ಜೂನ್ 5ರಂದು 726 ಕ್ಯಾಮೆರಾಗಳೊಂದಿಗೆ ದಂಡ ಹಾಕಲು ಹೊರಟ ಕೇರಳದ ‘ಎಐ ಕ್ಯಾಮೆರಾ’ ಯೋಜನೆಯಲ್ಲೂ ಕೆಲ್ಟ್ರಾನ್‌ಗೆ ಹಣ ಸಕಾಲಕ್ಕೆ ಸಂದಾಯವಾಗದೆ ನೋಟಿಸು ಕಳುಹಿಸುವ ಕೆಲಸ ಕುಂಟಿತು. ಕಣ್ಣಿಟ್ಟು ನೋಡಿದ ಕ್ಯಾಮೆರಾಕ್ಕೆ ಅಂಚೆ ಖರ್ಚಿಲ್ಲದಂತಾಯಿತು.

ತಡೆಗೋಲೇ ಇಲ್ಲದ ಟೋಲ್ ಬರುತ್ತದೆ, ಆಗ ಈ ಗಸ್ತು ಯಾಕೆ ಎನ್ನುವವರಿದ್ದಾರೆ. ಗುಜರಾತಿನ ಚೋರ್ಯಾಸಿ ಗೇಟಿಗೆ ಅಂಥ ವ್ಯವಸ್ಥೆಯ ಒಪ್ಪಂದ 2025ರ ಆಗಸ್ಟ್‌ನಲ್ಲಿ ಆಗಿದೆ. ಕೊಚ್ಚಿಯ ಗೇಟುಗಳಿಗೆ ಅದು ಬರುವಷ್ಟರಲ್ಲಿ ಎಷ್ಟು ಓಣಂ, ಎಷ್ಟು ದೀಪಾವಳಿ ಕಳೆಯಬೇಕೋ. ಆಂಬುಲೆನ್ಸ್ ಅಲ್ಲಿಯವರೆಗೆ ಕಾಯುವಂತಿಲ್ಲ.

ಇನ್ನು ಕನ್ನಡಿಗರ ವಿಷಯ. ಸರತಿ ತಪ್ಪಿಸುವವರೆಲ್ಲ ಪರರೇ ಎಂದು ತಿಳಿಯುವಂತಿಲ್ಲ. ಸಮ್ಮೇಳನಕ್ಕೋ ಬ್ರಹ್ಮಕಲಶಕ್ಕೋ ನಾಲ್ಕು ಕಾರು ಒಟ್ಟಾಗಿ ಹೊರಟಾಗ ಮುಂದಿನ ಕಾರು ತುರ್ತು ಲೇನ್ ಹಿಡಿದರೆ ಹಿಂದಿನ ಮೂರೂ ಹಿಂಬಾಲಿಸುತ್ತವೆ. ಸಂಘದ ಬ್ಯಾನರ್ ಗಾಜಿಗೆ ಕಟ್ಟಿದ ಬಸ್ಸಿಗೂ ಆ ಲೇನ್‌ನಲ್ಲಿ ಹಕ್ಕಿಲ್ಲ. ಹೊರಡುವ ಮೊದಲು ಟ್ಯಾಗ್‌ನಲ್ಲಿ ಹಣ ಇದೆಯೇ ಎಂದು ನೋಡುವುದು, ಚಾಲಕನಿಗೆ ಒಂದು ಮಾತು ಹೇಳುವುದು ಪ್ರವಾಸ ಏರ್ಪಡಿಸುವ ಕಾರ್ಯದರ್ಶಿಗಳಿಗೆ ಭಾರವಾಗಲಾರದು. ಲೇನ್ ಮುಚ್ಚಿರುವುದು ಕಂಡರೆ 1033 ಸಂಖ್ಯೆಗೆ ದೂರು ಕೊಡಬಹುದು.

ಪ್ರತಿ ವರ್ಷ ಏಪ್ರಿಲ್ 1ರಂದು ಟೋಲ್ ದರ ಪರಿಷ್ಕರಣೆಯಾಗುವುದು ರೂಢಿ. ಗಸ್ತಿನ ಖರ್ಚನ್ನು ದರಕ್ಕೆ ಸೇರಿಸದೆ ಈಗಿನ ಆದಾಯದಿಂದಲೇ ಕೊಡಬೇಕು, ಮೊದಲಿಗೆ ಕುಂಬಳಂ ಮತ್ತು ಪಾಲಿಯೆಕ್ಕರದಲ್ಲಿ ಸಂಜೆ ಹಾಗೂ ರಜಾದಿನಗಳಲ್ಲಾದರೂ ಆರಂಭಿಸಬೇಕು ಎಂಬ ಮನವಿ ಆ ದಿನಾಂಕಕ್ಕೆ ಮುನ್ನ ಎರ್ನಾಕುಲಂ ಮತ್ತು ತ್ರಿಶೂರ್ ಜಿಲ್ಲಾಧಿಕಾರಿಗಳಿಗೂ ಹೆದ್ದಾರಿ ಪ್ರಾಧಿಕಾರಕ್ಕೂ ತಲುಪುವುದು ಒಳಿತು. ಕನ್ನಡ ಸಂಘವೊಂದೇ ಹೋದರೆ ಕೇಳುವವರು ಕಡಿಮೆ. ತಮಿಳು, ಕೊಂಕಣಿ, ಗುಜರಾತಿ ಸಂಘಗಳನ್ನೂ, ಆಂಬುಲೆನ್ಸ್ ಚಾಲಕರನ್ನೂ ಜೊತೆಗೆ ಕರೆದುಕೊಂಡು, ಮನವಿಯನ್ನು ಮಲಯಾಳದಲ್ಲೇ ಬರೆಸಿ ಕೊಟ್ಟರೆ ಮೇಜಿನ ಮೇಲೆ ಉಳಿಯುವ ಸಾಧ್ಯತೆ ಹೆಚ್ಚು.