ನ್ಯಾಯಶಾಸ್ತ್ರದ ಗುರುವೊಬ್ಬರ ಸ್ಮರಣೆ

ಶಿಷ್ಯವತ್ಸಲರಾದ ಎನ್. ಆರ್. ಮಾಧವ ಮೆನನ್ ಅವರು 2019ರ ಮೇ 8ರಂದು ಕಾಲಾಧೀನರಾದರು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಪ್ರಥಮ ನಿರ್ದೇಶಕರಾಗಿ, 1988ರಿಂದ, ಪದವಿಯಿಲ್ಲದ ಎಳೆಯರಿಗೂ ಐದು ವರ್ಷಗಳ ನ್ಯಾಯಶಿಕ್ಷಣವಿತ್ತ ಕೀರ್ತಿ ಅವರದು. ಆದರೆ ಗ್ರಂಥಪಾಠವೊಂದೇ ಸಾಲದು, ಬಡ ಕಕ್ಷಿಗಾರರ ಅಳಲನ್ನು ವಿದ್ಯಾರ್ಥಿಗಳು ಕಿವಿಯಾರೆ ಕೇಳಬೇಕೆಂಬ ಅವರ ಬೋಧನಕ್ರಮವನ್ನೇ ನಾವು ಹೆಚ್ಚಾಗಿ ನೆನೆಯತಕ್ಕದ್ದು. ಆ ಅಳಲು ನಮ್ಮ ಸೀಮೆಯಲ್ಲಿಯೂ ಉಂಟು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಸ್ತ್ರೀಯರು, ವರಮಾನವೆಷ್ಟೇ ಇರಲಿ, ಉಚಿತ ನೆರವಿಗೆ ಅರ್ಹರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಇದನ್ನು ಬಲ್ಲ ತಾಯಂದಿರೆಷ್ಟು ಮಂದಿ? ಜೀವನಾಂಶ ಕೇಳಲೆಂದು ದುರ್ಗದ ಕೋರ್ಟಿಗೆ ಬಂದವಳು ಮನೆಯ ಗುಟ್ಟನ್ನು ಗಂಡಸಾದ ವಕೀಲರೆದುರು ಹೇಳಲು ಹಿಂಜರಿಯುವುದು ಸಹಜ. ಆದುದರಿಂದ, ಮಾತಾಪಿತೃಗಳೇ, ಮಗಳು ವಕೀಲಿ ಓದುವೆನೆಂದರೆ ವರ ಸಿಕ್ಕುವುದು ಕಷ್ಟವೆಂದು (ಈ ಮಾತನ್ನು ನಾವೆಲ್ಲರೂ ಕೇಳಿದವರೇ) ದಯವಿಟ್ಟು ತಡೆಯದಿರಿ.